ದೇವರ ಚಿತ್ತವೂ ರಸ್ತೆಯ ಮರಣವೂ

ಪರೋಪಕಾರಿಗಳಾದ ತರುಣರು ಅಕಾಲದಲ್ಲಿ ತೀರಿಕೊಂಡಾಗ, ಒಳ್ಳೆಯವರನ್ನೇ ದೇವರು ಬೇಗನೆ ಕರೆದುಕೊಳ್ಳುತ್ತಾನೆಂದು ಹೇಳಿ ಸಮಾಧಾನ ತಂದುಕೊಳ್ಳುವ ವಾಡಿಕೆ ನಮ್ಮ ಜನರಲ್ಲಿ ಬಹುಕಾಲದಿಂದಲೂ ಉಂಟು. ಕ್ರೈಸ್ತ ಮನೆಗಳೂ ಇದಕ್ಕೆ ಹೊರತಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಬಾಯಿಂದ ಈ ಮಾತು ಬಂದರೆ ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಆದರೆ ನೆರೆಹೊರೆಯವರಾದ ನಾವು ಆಡಿದಾಗ ಅದು ನಮ್ಮ ಹೊಣೆಯಿಂದ ಜಾರಿಕೊಳ್ಳುವ ಉಪಾಯವಾಗುತ್ತದೆಂಬುದು ನನ್ನ ಅಭಿಪ್ರಾಯ. ಹಳೆಯ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದೆ, ಸಂಚಾರಿ ವಿಜಯ್ ಅವರನ್ನು ನೆನೆದು, ಇದನ್ನು ನಿವೇದಿಸುತ್ತೇನೆ.

ಮಿಷನ್ ಶಾಲೆಯ ಸಂಚಿಕೆಯಲ್ಲಿ ಚಲಚ್ಚಿತ್ರ ನಟರೊಬ್ಬರ ಪ್ರಸ್ತಾಪವೇಕೆಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಏರಿಸಲಿ. ಕಡೂರು ತಾಲ್ಲೂಕಿನ ಪಂಚನಹಳ್ಳಿಯವರಾದ ವಿಜಯ್ ರಂಗಭೂಮಿಯಿಂದ ಬಂದವರು. ಸಮಾಜವು ಹೊಸ್ತಿಲಿನ ಹೊರಗೇ ನಿಲ್ಲಿಸಿದ ಲಿಂಗಪರಿವರ್ತಿತ ಸ್ತ್ರೀಯೊಬ್ಬಳ ಬಾಳನ್ನು ‘ನಾನು ಅವನಲ್ಲ... ಅವಳು’ ಚಿತ್ರದಲ್ಲಿ ಅಭಿನಯಿಸಿ, 2014ನೆಯ ಸಾಲಿನ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಅಷ್ಟು ಹೆಸರು ಗಳಿಸಿದವರು 2021ರ ಬೇಸಿಗೆಯಲ್ಲಿ, ಕೊರೋನಾ ವ್ಯಾಧಿಯ ಎರಡನೆಯ ಅಲೆ ಈ ಪಟ್ಟಣವನ್ನು ಹಿಂಡುತ್ತಿದ್ದಾಗ, ಕದವಿಕ್ಕಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರಾದರೋ ‘ಉಸಿರು’ ತಂಡವನ್ನು ಸೇರಿ, ಹಾಸಿಗೆಯೂ ಆಮ್ಲಜನಕವೂ ಸಿಗದೆ ಕಂಗೆಟ್ಟವರಿಗೆ ಆಮ್ಲಜನಕ ಒದಗಿಸುವ ಕಾರ್ಯದಲ್ಲಿ ತೊಡಗಿದರು. ಉಸಿರಿಗಾಗಿ ಮನುಷ್ಯನು ಬಾಯಿಬಿಡುವುದನ್ನು ಆ ದಿನಗಳಲ್ಲಿ ಕಂಡವರಿಗೆ, ಆ ಸೇವೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಅದೇ ವರ್ಷದ ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ.ನಗರದಲ್ಲಿ, ಸ್ನೇಹಿತರ ಮೋಟಾರು ಸೈಕಲಿನ ಹಿಂಬದಿಯಲ್ಲಿ ಕುಳಿತು ಹೋಗುತ್ತಿದ್ದಾಗ ಅಪಘಾತವಾಗಿ ಅವರ ತಲೆಗೆ ಭಾರಿ ಪೆಟ್ಟಾಯಿತು. ಹೆಲ್ಮೆಟ್ ಧರಿಸಿರಲಿಲ್ಲವೆಂದು ಆಗ ವರದಿಯಾಯಿತು. ಮೂರು ದಿನಗಳೊಳಗೆ ತೀರಿಕೊಂಡರು. ನಲವತ್ತು ಇನ್ನೂ ತುಂಬಿರಲಿಲ್ಲ. ಇದನ್ನು ದೇವರ ಚಿತ್ತವೆಂದು ಹೇಳಲು ನನ್ನ ನಾಲಿಗೆ ಏಳದು. ಕೈಯಲ್ಲಿರುವ ರಕ್ಷೆಯನ್ನು ಮನುಷ್ಯನು ಬಿಟ್ಟು, ಫಲವನ್ನು ದೇವರ ಲೆಕ್ಕಕ್ಕೆ ಬರೆಯುವುದು ಭಕ್ತಿಯಲ್ಲ.

ಮೆದುಳು ಸತ್ತಿತೆಂದು ವೈದ್ಯರು ನಿರ್ಣಯಿಸಿದ ಬಳಿಕ ಅವರ ಮನೆಯವರು ಅಂಗಗಳನ್ನು ದಾನ ಮಾಡಿದರು. ಈ ವಿಷಯದಲ್ಲಿ ಮನೆಮನೆಯಲ್ಲೂ ಭ್ರಾಂತಿಯಿದೆ. ಪ್ರಜ್ಞೆ ತಪ್ಪಿ ಮಲಗಿದವನು ಎಂದಾದರೂ ಎಚ್ಚರಗೊಂಡಾನು. ಮೆದುಳು ಸತ್ತವನು ಏಳನು, ಯಂತ್ರದ ಬಲದಿಂದ ಎದೆ ಮಾತ್ರ ಬಡಿಯುತ್ತಿರುತ್ತದೆ. 1994ರ ಕಾಯಿದೆಯ ಪ್ರಕಾರ ವೈದ್ಯರ ಮಂಡಲಿಯು ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು. ಆ ಬಳಿಕ ಒಪ್ಪಿಗೆ ಕೇಳುವುದು ಮನೆಯವರನ್ನು. ಅಳುವ ಹೊತ್ತಿನಲ್ಲಿ ಮೊದಲ ಸಲ ಈ ಪ್ರಶ್ನೆ ಕಿವಿಗೆ ಬಿದ್ದರೆ ಯಾವ ತಾಯಿ ತಾನೇ ಉತ್ತರ ಕೊಟ್ಟಾಳು? ಆದುದರಿಂದ ಊಟಕ್ಕೆ ಕುಳಿತಾಗಲೇ ಈ ಮಾತು ಆಗಿಹೋಗಿರಬೇಕು.

ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಪೇತ್ರನ ಮುಂದೆ ಆಕೆಯ ಗುಣಗಾನ ಮಾಡಲಿಲ್ಲ. ಆಕೆ ಹೊಲಿದ ಅಂಗಿಗಳನ್ನು ತೋರಿಸುತ್ತ ಅತ್ತರು. ಹೊಲಿಗೆ ತರಗತಿಯಲ್ಲಿ ಈ ಕಥೆಯನ್ನು ಕೇಳದ ಹಳೆಯ ವಿದ್ಯಾರ್ಥಿನಿ ಇರಲಾರಳು. ಸೇವಕರನ್ನು ನೆನೆಯುವ ರೀತಿ ನನಗೆ ಅದೇ ಸರಿಯೆನಿಸುತ್ತದೆ. ಹೂವಿನ ಹಾರದ ಪಟಕ್ಕಿಂತ ಉಸಿರಾಡಿದ ರೋಗಿಯೇ ದೊಡ್ಡ ಸಾಕ್ಷಿ.

ನಮ್ಮ ಬಾಗಲಗುಂಟೆಗೆ ಸಮೀಪದ ಇನ್ನೊಂದು ಮರಣವನ್ನೂ ಹೇಳಬೇಕು. 2016ರ ಫೆಬ್ರವರಿ 16ರಂದು ಇದೇ ತುಮಕೂರು ಹೆದ್ದಾರಿಯಲ್ಲಿ, ನೆಲಮಂಗಲದ ಬಳಿ, ಗುಬ್ಬಿ ಕಡೆಯ ತರುಣ ಹರೀಶ್ ಲಾರಿಗೆ ಸಿಕ್ಕಿ ದೇಹವೇ ಇಬ್ಭಾಗವಾಯಿತು. ಆ ಸ್ಥಿತಿಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಆತನು ಕೇಳಿಕೊಂಡನು, ಕಣ್ಣುಗಳು ದಾನವಾದವು. ಮರುತಿಂಗಳೇ ಸರ್ಕಾರವು ಆತನ ಹೆಸರಿನಲ್ಲಿ ‘ಸಾಂತ್ವನ ಹರೀಶ್’ ಯೋಜನೆಯನ್ನು ಆರಂಭಿಸಿ, ಗಾಯಾಳುವಿನ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ಭರಿಸಲು ಗೊತ್ತುಮಾಡಿತು. ಛತ್ರದವನ ಕೈಗೆ ಹಣವಿತ್ತು ಹೋದ ಸಮಾರಿಯದವನ ಕೆಲಸವನ್ನೇ ಒಂದು ಸರ್ಕಾರ ಮಾಡಿದಂತಾಯಿತು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸರ ಕಾಟವೆಂದು ಹೆದರುವವರು, ಸುಪ್ರೀಂ ಕೋರ್ಟಿನ 2016ರ ಆಜ್ಞೆಯನ್ನೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯನ್ನೂ ತಿಳಿಯಬೇಕು: ನೆರವಾದವನು ತನ್ನ ಹೆಸರನ್ನು ಸಹ ಹೇಳಬೇಕಾಗಿಲ್ಲ.

ಇನ್ನು ತಂದೆಗಳಿಗೆ ಒಂದು ಮಾತು. ಬೆಳಿಗ್ಗೆ ಗೇಟಿನ ಬಳಿ ನಿಂತು ನೋಡುತ್ತೇನೆ. ಮುಂದೆ ಕುಳಿತ ತಂದೆಯ ತಲೆಯ ಮೇಲೆ ಹೆಲ್ಮೆಟ್. ಹಿಂದೆ ಕುಳಿತ ಮಗಳ ತಲೆಯ ಮೇಲೆ ರಿಬ್ಬನ್. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬ ಆಜ್ಞೆ ಈ ರಾಜ್ಯದಲ್ಲಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಜಡೆ ಕೆಡುತ್ತದೆ, ಶಾಲೆಯಲ್ಲಿ ಇಡಲು ಸ್ಥಳವಿಲ್ಲ ಎಂಬ ಎರಡು ನೆಪಗಳು ನನ್ನ ಬಳಿಗೆ ಬಂದಿವೆ. ಜಡೆಯನ್ನು ಪ್ರಾರ್ಥನೆಗೆ ಮುಂಚೆ ಸರಿಪಡಿಸಿಕೊಳ್ಳಲು ಹತ್ತು ನಿಮಿಷ ಕೊಡುತ್ತೇವೆ. ಕಚೇರಿಯ ಪಕ್ಕದ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮೊಳೆಗಳನ್ನು ಹೊಡೆಸಿದೆ; ಪ್ರತಿ ಮೊಳೆಗೂ ಒಂದು ಸಂಖ್ಯೆಯಿದೆ.