ಪರದೇಶದಲ್ಲಿ ಬೆಳಗಿನ ಉಪಾಹಾರ

ಕಾಗಿಣಾ ತೀರದ ದಂಡೋತಿಯಂತಹ ಊರಿನಿಂದ ಮಕ್ಕಳನ್ನು ನೋಡಲು ಪರದೇಶಕ್ಕೆ ಹೊರಡತಕ್ಕ ಹಿರಿಯರಿಗೆ ಮೊದಲನೆಯ ಮುಂಜಾವಿನ ಹಸಿವೇ ದೊಡ್ಡ ಚಿಂತೆ. ಮಧುಮೇಹವುಳ್ಳವರು ಔಷಧವನ್ನು ಸೇವಿಸಿ ಉಪವಾಸವಿದ್ದರೆ ಅಪಾಯವೂ ಉಂಟು.

ಅಗ್ಗದ ವಸತಿಗೃಹಗಳಲ್ಲಿ ಉಪಾಹಾರವು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಸೇರಿದ್ದರೂ ಯೂರೋಪಿನಲ್ಲಿ ಅನೇಕ ಕಡೆ ಬ್ರೆಡ್ಡು, ಬೆಣ್ಣೆ, ಜಾಮು, ಕಾಫಿ ಇಷ್ಟೇ. ಜಪಾನಿನಲ್ಲಿ ಅನ್ನವೂ ಮಿಸೋ ಸಾರೂ ದೊರೆಯುವುದುಂಟು. ಆದರೆ ಆ ಸಾರಿನಲ್ಲಿ ಸಾಮಾನ್ಯವಾಗಿ ಮೀನಿನ ರಸವಿರುವುದರಿಂದ ಶಾಕಾಹಾರಿಗಳು ಕೇಳಿಯೇ ಉಣ್ಣಬೇಕು.

ಆದುದರಿಂದ ನಮ್ಮ ಖಡಕ್ ರೊಟ್ಟಿಯೇ ನಂಬಿಗೆಯ ಸಂಗಾತಿ. ತೆಳ್ಳಗೆ ಬಡಿದು, ಬೇಯಿಸಿ, ತೇವವೆಲ್ಲ ಆರುವಂತೆ ಒಣಗಿಸಿದ ಜೋಳದ ರೊಟ್ಟಿಯು ವಾರಗಟ್ಟಲೆ ಕೆಡದು. ಜೊತೆಗೆ ಶೇಂಗಾ ಹಿಂಡಿಯಿರಲಿ. ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಇದ್ದರೆ ಒಗ್ಗರಣೆ ಬೆರೆಸಿದ ಅವಲಕ್ಕಿಯನ್ನೂ ನೆನೆಸಿಕೊಳ್ಳಬಹುದು.

ತುಪ್ಪ, ಪೇಡೆಗಳನ್ನು ಮಾತ್ರ ಕಟ್ಟಿಕೊಡಬಾರದು. ನಮ್ಮ ದೇಶದಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರುವುದನ್ನು ಯೂರೋಪಿನ ಒಕ್ಕೂಟವು ನಿಷೇಧಿಸಿದೆ. ಆಸ್ಟ್ರೇಲಿಯಾದಲ್ಲಿ ತಂದ ಆಹಾರವನ್ನೆಲ್ಲ ಬರೆದು ತಿಳಿಸಬೇಕು, ತಪ್ಪಿದರೆ ದಂಡ ತೆರಬೇಕಾದೀತು. ಹೋಗತಕ್ಕ ದೇಶದ ನಿಯಮವನ್ನು ತಿಳಿದುಕೊಂಡೇ ಡಬ್ಬಿಯನ್ನು ತುಂಬಿರಿ.