ಹೊಸ ಪೋಲೀಸು ಅಧಿಕಾರಿಗೆ ಊರೇ ಪಾಠಶಾಲೆ

ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರನ್ನು ಕೇಳದ ಕನ್ನಡಿಗರು ವಿರಳ. 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡ ಆ ಗ್ರಾಮದಲ್ಲಿ ಜನಕ್ಕೂ ಪೋಲೀಸರಿಗೂ ಘರ್ಷಣೆಯಾಗಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಹತರಾದರು. 1943ರ ಮಾರ್ಚಿಯಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಅಂದಿನ ಸರ್ಕಾರ ಇಂದಿಲ್ಲ. ಆದರೂ ಅದು ಕಲಿಸಿದ ಪಾಠ ಇಂದಿಗೂ ಸಲ್ಲುವುದು: ಜನರ ಮನಸ್ಸನ್ನರಿಯದ ಅಧಿಕಾರವು ಬಿಕ್ಕಟ್ಟಿನ ಗಳಿಗೆಯಲ್ಲಿ ಊರನ್ನೂ ಕಾಯದು, ತನ್ನನ್ನೂ ಕಾಯ್ದುಕೊಳ್ಳದು.

ಹೊಸದಾಗಿ ಆಯ್ಕೆಗೊಂಡ ಸಬ್ ಇನ್ಸ್‌ಪೆಕ್ಟರರು ಮೈಸೂರಿನ ಪೋಲೀಸು ಅಕಾಡೆಮಿಯಂಥ ಶಾಲೆಗಳಲ್ಲಿ ಕಾಯಿದೆಯನ್ನೂ ಕವಾಯತನ್ನೂ ಅಭ್ಯಸಿಸಿ, ಬಳಿಕ ಠಾಣೆಗಳಲ್ಲಿ ಪ್ರೊಬೇಷನರಿಗಳಾಗಿ ಕೆಲಸ ಕಲಿಯುವರು. ಪಾಠ ಹೇಳುವುದನ್ನು ತರಗತಿಯಲ್ಲಿ ನಿಂತೇ ಕಲಿಯಬೇಕೆಂಬುದನ್ನು ನಮ್ಮ ಉಪಾಧ್ಯಾಯ ವಾಚಕರು ಬಲ್ಲರು. ಸೊರಬದ ಅಡಿಕೆ ತೋಟದ ಬೇಲಿಯ ವ್ಯಾಜ್ಯವಾಗಲಿ, ಕೆರೆನೀರಿನ ಸರದಿಯ ಕಲಹವಾಗಲಿ, ಬಗರ್‌ಹುಕುಂ ಭೂಮಿಯ ತಕರಾರಾಗಲಿ ಗಸ್ತು ತಿರುಗದವನಿಗೆ ತಿಳಿಯದು.

ಆದುದರಿಂದ ಹೊಸಬನನ್ನು ಅನುಭವಿಯೂ ಸಂಯಮಿಯೂ ಆದ ಅಧಿಕಾರಿಯ ಕೈಕೆಳಗೇ ಇರಿಸತಕ್ಕದ್ದು. ಮೊದಲ ವರ್ಷ ಕಲಿತ ಬೈಗುಳವು ಸೇವೆ ಮುಗಿಯುವವರೆಗೂ ನಾಲಗೆಯ ಮೇಲೆ ನಿಲ್ಲುವುದು. ಹುದ್ದೆಯನ್ನು ಖಾಯಂ ಮಾಡುವಾಗ, ಅವನು ಹಿಡಿದ ಕಳ್ಳರ ಲೆಕ್ಕ ಮಾತ್ರ ಸಾಲದು. ಬಡವನ ದೂರನ್ನು ಮರುಮಾತಿಲ್ಲದೆ ಬರೆದುಕೊಂಡನೆ, ಕೆರಳಿದ ಗುಂಪಿನೆದುರು ಕೈ ತಡೆದನೆ, ಪ್ರಬಲರ ಶಿಫಾರಸಿಗೆ ಮಣಿಯದಿದ್ದನೆ ಎಂಬುದನ್ನೂ ವಿಚಾರಿಸಬೇಕು. ಕೊರತೆಯಿದ್ದರೆ ಅವಧಿಯನ್ನು ಹೆಚ್ಚಿಸಿ ತಿದ್ದಬೇಕು; ತಿದ್ದಲಾಗದವನನ್ನು ಬಿಡಬೇಕು. ಅಂದು ಮೇಲಧಿಕಾರಿಯು ತೋರಿದ ದಾಕ್ಷಿಣ್ಯದ ಬೆಲೆಯನ್ನು ಮುಂದೆ ತೆರುವವರು ಊರಿನ ಜನ.