ಅವರೆಕಾಯಿ ಚೀಲ ಮತ್ತು ಮಬ್ಬಾದ ಗಾಜು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಲ್ಲಿ ಮೀಟಿಂಗ್ ಇದ್ದರೆ, ತುರುವೇಕೆರೆ ಕಡೆಯ ನಮ್ಮಂಥವರು ಊರು ಬಿಡೋದು ಬೆಳಗಿನ ಜಾವ ಐದಕ್ಕೆ. ಅದಕ್ಕಿಂತ ತಡವಾದರೆ ತುಮಕೂರು ದಾಟಿದ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳೋದು ಗ್ಯಾರಂಟಿ. ಹೋದ ವರ್ಷ ಡಿಸೆಂಬರ್‌ನಲ್ಲಿ ಹಾಗೇ ಹೊರಟಿದ್ದೆವು. ಪಕ್ಕದಲ್ಲಿ ಅಪ್ಪ, ಹಿಂದೆ ಅಮ್ಮ ಮತ್ತು ತಮ್ಮ. ಅಪ್ಪನ ಕಣ್ಣು ತೋರಿಸೋದಿತ್ತು.

ಡಿಕ್ಕಿ ಹೇಗಿತ್ತು ಅಂತ ಹೇಳಬೇಕಾಗಿಲ್ಲ. ಇಪ್ಪತ್ತು ತೆಂಗಿನಕಾಯಿ, ಹತ್ತು ಎಳನೀರು, ಒಂದು ಚೀಲ ಸೊಗಡಿನ ಅವರೆಕಾಯಿ, ಇಬ್ಬನಿಯಲ್ಲೇ ಕೊಯ್ದ ಕರಿಬೇವು, ಬಾಳೆಲೆ ಕಟ್ಟು. ಬಾಳೆಲೆ ಬಾಡಬಾರದು ಅಂತ ಅಮ್ಮ ಅದಕ್ಕೆ ಒದ್ದೆ ಗೋಣಿಚೀಲ ಬೇರೆ ಸುತ್ತಿದ್ದಳು.

ಹೊರಟು ಹತ್ತು ನಿಮಿಷಕ್ಕೆ ಮುಂದಿನ ಗಾಜು ಬೆಳ್ಳಗಾಯ್ತು. ಚಳಿ ಅಂತ ನಾಲ್ಕೂ ಕಿಟಕಿ ಮುಚ್ಚಿದ್ದೆ. ಧೂಳು ಬರಬಾರದು ಅಂತ ಹೊರಗಿನ ಗಾಳಿಯ ದಾರಿಯನ್ನೂ ಮುಚ್ಚಿದ್ದೆ, ಅದೇ, ಕಾರಿನೊಳಗೆ ಬಾಣ ತಿರುಗೋ ಚಿತ್ರದ ಬಟನ್. ಅಂಗೈಯಲ್ಲಿ ಒರೆಸಿದೆ. ಎರಡು ನಿಮಿಷ ಕಾಣಿಸ್ತು, ಮತ್ತೆ ಮಬ್ಬು. ಮತ್ತೆ ಒರೆಸಿದೆ. ಕೆ.ಬಿ. ಕ್ರಾಸ್ ಇನ್ನೂ ಮುಂದಿತ್ತು. ಎದುರಿಗೆ ಒಂದು ಲಾರಿ ಬಂತು. ಅದರ ಬೆಳಕು ನಾನು ಒರೆಸಿದ್ದ ಕಡೆಯೆಲ್ಲ ಹರಡಿ ಇಡೀ ಗಾಜು ಹಾಲು ಚೆಲ್ಲಿದ ಹಾಗಾಯ್ತು. ಲಾರಿ ದಾಟಿದ ಮೇಲೆ ನೋಡಿದರೆ, ಮೂತಿಯ ಮುಂದೆಯೇ ತೆಂಗಿನ ಮಟ್ಟೆ ತುಂಬಿದ ಟ್ರಾಕ್ಟರ್. ಅರ್ಧ ರಸ್ತೆಯ ಮೇಲೆ ನಿಂತಿತ್ತು, ಹಿಂದೆ ಒಂದು ದೀಪವೂ ಇಲ್ಲ.

ಬ್ರೇಕ್ ಒತ್ತಿದೆ. ಡಿಕ್ಕಿಯಲ್ಲಿದ್ದ ಕಾಯಿಗಳೆಲ್ಲ ಒಂದಕ್ಕೊಂದು ಹೊಡೆದ ಸದ್ದು. ಕಾರು ನಿಂತಾಗ ಟ್ರಾಕ್ಟರಿಗೂ ನಮಗೂ ನಡುವೆ ಒಂದು ಮಂಚ ಹಾಕುವಷ್ಟು ಜಾಗ ಉಳಿದಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಹೇಳಿದ್ದು ಇಷ್ಟೇ: “ಗಾಜು ಇಳಿಸು. ಗಾಳಿ ಆಡದ ಅಟ್ಟಕ್ಕೆ ಕಾಯಿ ಹಾಕಿದಂಗಾಗದೆ ಇದು.”

ದೀಪ ಇಲ್ಲದೆ ನಿಂತ ಟ್ರಾಕ್ಟರಿನ ತಪ್ಪು ಇದ್ದೇ ಇದೆ. ಆದರೆ ನಾನು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸ್ತಿದ್ದೆ ಅನ್ನೋದು ಅದರಿಂದ ಸುಳ್ಳಾಗಲ್ಲ.

ಅಪ್ಪನ ಅಟ್ಟದ ಮಾತು ನಮ್ಮ ಸೀಮೆಯವರಿಗೆ ತಕ್ಷಣ ಅರ್ಥ ಆಗುತ್ತೆ. ಗೊತ್ತಿಲ್ಲದವರಿಗೆ ಹೇಳ್ತೀನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಉಂಡೆ ಕೊಬ್ಬರಿ ಮಾಡೋದು ಬಿಸಿಲಿಗೆ ಒಡೆದು ಹಾಕಿ ಅಲ್ಲ. ಬಲಿತ ಕಾಯನ್ನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ಬಿಟ್ಟುಬಿಡ್ತಾರೆ. ಒಳಗಿನ ನೀರೆಲ್ಲ ನಿಧಾನಕ್ಕೆ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅದೇ ಗಿಟುಕು. ಅಟ್ಟದ ನೆಲಕ್ಕೆ ಹಲಗೆ ಒತ್ತಿ ಹೊಡೆಯಲ್ಲ, ಸಂದು ಬಿಟ್ಟು ದಬ್ಬೆ ಹಾಸ್ತಾರೆ. ಕೆಳಗಿನ ಬೆಚ್ಚನೆ ಗಾಳಿ, ಹೊಗೆ ಸಂದಿನಲ್ಲಿ ಏರಿ, ತೇವ ಎತ್ತಿಕೊಂಡು ಹೆಂಚಿನ ಕಡೆಯಿಂದ ಹೊರಗೆ ಹೋಗಬೇಕು. ಬರೀ ಬಿಸಿ ಇದ್ದು ಗಾಳಿಗೆ ದಾರಿ ಇಲ್ಲದಿದ್ದರೆ ಕೊಬ್ಬರಿಗೆ ಬೂಷ್ಟು. ಬೆಂಬಲ ಬೆಲೆಗೆ ಕೊಡುವಾಗ ಉಂಡೆ ಕೊಬ್ಬರಿಯ ತೇವಾಂಶ ಶೇ. 7ರೊಳಗೆ ಇರಬೇಕು ಅಂತಾರೆ. ಹಾಗಾಗಿ ತೇವದ ಲೆಕ್ಕ ನಮ್ಮ ಮನೆಗಳಲ್ಲಿ ಹೊಟ್ಟೆಪಾಡಿನ ಲೆಕ್ಕ. ಅಂಥ ಮನೆಯಲ್ಲಿ ಬೆಳೆದವನು ನಾನು, ಕಾರಲ್ಲಿ ಕೂತ ಕೂಡಲೇ ಎಲ್ಲ ಮರೆತಿದ್ದೆ.

ಕಾರಿನೊಳಗಿನ ಲೆಕ್ಕ ಹೀಗಿದೆ. ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತೆ, ತಣ್ಣನೆ ಗಾಳಿ ಕಡಿಮೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ಆವಿ ಹಿಡಿದರೆ, 15 ಡಿಗ್ರಿಯಲ್ಲಿ 13 ಗ್ರಾಂ ಅಷ್ಟೇ. ಸಾಧಾರಣ ಕಾರಿನೊಳಗೆ ಸುಮಾರು ಮೂರು ಘನ ಮೀಟರ್ ಗಾಳಿ ಇರುತ್ತೆ ಅನ್ನಿ. ಅಂದರೆ ಗಾಜು 15 ಡಿಗ್ರಿಗೆ ತಣ್ಣಗಾಗಿದ್ದರೆ, ಒಳಗೆ 40 ಗ್ರಾಂನಷ್ಟು ಆವಿ ಸೇರಿದರೆ ಸಾಕು, ಗಾಜಿನ ಮೇಲೆ ನೀರು ಕೂರೋಕೆ ಶುರು. ಇಬ್ಬನಿಯ ದಿನ ಅದರಲ್ಲಿ ಬಹುಪಾಲು ಹೊರಗಿನ ಗಾಳಿಯಲ್ಲೇ ಬಂದಿರುತ್ತೆ. ಉಳಿದಿದ್ದು ನಾವು. ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದರೂ ಉಸಿರು, ಚರ್ಮ ಎರಡೂ ಸೇರಿ ಗಂಟೆಗೆ 40-50 ಗ್ರಾಂ ನೀರು ಗಾಳಿಗೆ ಬಿಡ್ತಾನೆ. ನಾಲ್ಕು ಜನ ಅಂದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಲೋಟ. ಅದರ ಮೇಲೆ ಒದ್ದೆ ಗೋಣಿಚೀಲ, ಅವರೆಕಾಯಿ, ಇಬ್ಬನಿಯಲ್ಲಿ ನೆಂದ ಚಪ್ಪಲಿ. ಹತ್ತು ನಿಮಿಷ ತಡೆದದ್ದೇ ಹೆಚ್ಚು.

ಹಾಗಾದರೆ ಚಳಿಗಾಲದಲ್ಲಿ ಏನು ಮಾಡೋದು? ಎಸಿ ಹಾಕೋದು. ಹೌದು, ಚಳಿಯಲ್ಲೇ. ಎಸಿ ಅಂದರೆ ತಂಪು ಮಾಡೋ ಯಂತ್ರ ಅಂತ ಮಾತ್ರ ನಾವು ತಿಳಿದಿರ್ತೀವಿ. ಅದರ ಒಳಗಿನ ತಣ್ಣನೆ ರೆಕ್ಕೆಗಳ ಮೇಲೆ ಗಾಳಿ ಹಾಯುವಾಗ ಆವಿ ನೀರಾಗಿ ಕಾರಿನ ಕೆಳಗೆ ತೊಟ್ಟಿಕ್ಕುತ್ತೆ. ಬೇಸಿಗೆಯಲ್ಲಿ ನಿಂತ ಕಾರಿನಡಿ ನೀರು ಕಾಣುತ್ತಲ್ಲ, ಅದೇ. ಒಣಗಿದ ಆ ಗಾಳಿಯನ್ನ ಹೀಟರ್ ಬೆಚ್ಚಗೆ ಮಾಡಿ ಗಾಜಿನ ಮೇಲೆ ಬಿಟ್ಟರೆ ಮಬ್ಬು ಬೇಗ ಹೋಗುತ್ತೆ. ಅದಕ್ಕೆ ಎಸಿ ಆನ್ ಮಾಡಿ, ಉಷ್ಣತೆಯ ತಿರುಗಣೆ ಕೆಂಪು ಕಡೆ ತಿರುಗಿಸಿ, ಗಾಳಿ ಮುಂದಿನ ಗಾಜಿಗೆ ಬಿಡಿ, ಫ್ಯಾನ್ ಜೋರು ಮಾಡಿ. ಮುಖ್ಯವಾಗಿ ಹೊರಗಿನ ಗಾಳಿ ಒಳಬರುವ ದಾರಿ ತೆರೆದಿರಬೇಕು. ಎಂಜಿನ್ ಬಿಸಿಯಾಗೋವರೆಗೆ ಹೀಟರಿನಿಂದ ಬಿಸಿ ಬರಲ್ಲ, ಆಗ ಒಂದೆರಡು ಕಿಟಕಿ ಒಂದು ಬೆರಳು ಇಳಿಸಿದರೂ ಕೆಲಸ ಆಗುತ್ತೆ. ಗಾಜು ತಿಳಿಯಾದ ತಕ್ಷಣ ಎಸಿ ಆಫ್ ಮಾಡಬೇಡಿ. ರೆಕ್ಕೆಗಳ ಮೇಲೆ ಕೂತ ನೀರೇ ಮತ್ತೆ ಆವಿಯಾಗಿ ಗಾಜಿಗೆ ಬರುತ್ತೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ, ನಿಜ. ಕುಡೀಲಿ ಬಿಡಿ.

ಒಂದು ವಿಷಯ ಗೊಂದಲ ಮಾಡುತ್ತೆ. ಮಳೆಗಾಲದಲ್ಲಿ ಗಾಜು ಹೊರಗಿನಿಂದ ಮಬ್ಬಾಗುತ್ತೆ. ವೈಪರ್ ಒಂದು ಸಲ ಆಡಿಸಿ ನೋಡಿ, ಹೋದರೆ ಅದು ಹೊರಗಿನದು. ಆಗ ಮಾಡಬೇಕಾದ್ದು ಇದರ ಉಲ್ಟಾ: ಎಸಿಯ ತಂಪು ಕಡಿಮೆ ಮಾಡಿ, ಗಾಜಿನ ಮೇಲೆ ತಣ್ಣನೆ ಗಾಳಿ ಬೀಳದ ಹಾಗೆ ತಿರುಗಿಸಿ.

ಕೈಯಲ್ಲಿ ಒರೆಸೋದನ್ನ ಮಾತ್ರ ಬಿಟ್ಟುಬಿಡಿ. ಕೈಯ ಎಣ್ಣೆ ಗಾಜಿಗೆ ಹತ್ತಿ, ಎದುರಿನ ದೀಪ ಬಿದ್ದಾಗ ಏನೂ ಕಾಣದ ಹಾಗಾಗುತ್ತೆ. ನನ್ನ ಕಣ್ಣು ಕಟ್ಟಿದ್ದು ಅದೇ. ನಮ್ಮ ಕಡೆ ತಲೆಗೂ ಕೈಗೂ ಕೊಬ್ಬರಿ ಎಣ್ಣೆಯ ನಂಟು ಸ್ವಲ್ಪ ಜಾಸ್ತಿನೇ! ವಾರಕ್ಕೊಮ್ಮೆ ಒಳಗಿನ ಗಾಜನ್ನ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಶೇವಿಂಗ್ ಫೋಮ್ ತೆಳ್ಳಗೆ ಸವರಿ, ಪೂರ್ತಿ ಒರೆಸಿ ತೆಗೆದರೆ ಕೆಲವು ದಿನ ನೀರು ಹನಿಹನಿಯಾಗಿ ಕೂರಲ್ಲ. ತಮ್ಮ ಎಲ್ಲೋ ನೋಡಿಕೊಂಡು ಬಂದು ಕರಟದ ಇದ್ದಿಲನ್ನ ಬಟ್ಟೆಯಲ್ಲಿ ಕಟ್ಟಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದ. ಅವರೆಕಾಯಿ ವಾಸನೆ ಹೋಯ್ತು, ಮಬ್ಬು ಹೋಗಲಿಲ್ಲ. ಅಡುಗೆ ಉಪ್ಪೂ ಅಷ್ಟೇ, ಗಾಳಿಯ ತೇವ ಶೇ. 75 ದಾಟಿದ ಮೇಲೆ ನೀರು ಎಳೀತದೆ, ಆಮೇಲೆ ಆ ಉಪ್ಪುನೀರು ಚೆಲ್ಲಿ ತುಕ್ಕು ಹಿಡಿಸುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬರೇ ಹೋಗುವಾಗಲೂ ಗಾಜು ಮಬ್ಬಾಗ್ತಿದ್ದರೆ, ನೀರು ಒಳಗೆಲ್ಲೋ ನಿಂತಿದೆ ಅಂತ. ಕಾಲಡಿಯ ಮ್ಯಾಟ್ ಎತ್ತಿ ಕಾರ್ಪೆಟ್ ಮುಟ್ಟಿ ನೋಡಿ. ನಮ್ಮ ಕಾರಲ್ಲಿ ಎಡಗಡೆ ಚಪಚಪ ಅಂತಿತ್ತು. ಎಸಿ ನೀರು ಹೋಗೋ ಸಣ್ಣ ಪೈಪು ಮಣ್ಣು ತುಂಬಿ ಕಟ್ಟಿಕೊಂಡಿತ್ತು, ಹೊರಗೆ ಹೋಗಬೇಕಾದ ನೀರು ಕಾರೊಳಗೇ ಇಳೀತಿತ್ತು. ತೆಂಗಿನ ಮರದಡಿ ನಿಲ್ಲಿಸೋರು (ಕಾಯಿ ಬೀಳೋ ಭಯ ಬೇರೆ ವಿಷಯ) ವೈಪರ್ ಕೆಳಗಿನ ಜಾಲರಿಯಲ್ಲಿ ಹೊಂಬಾಳೆ ಪುಡಿ, ಕಸ ತುಂಬಿದೆಯಾ ನೋಡಿ, ಅಲ್ಲೂ ನೀರು ಕಟ್ಟುತ್ತೆ. ಕ್ಯಾಬಿನ್ ಫಿಲ್ಟರ್ ಕೊಳೆಯಾಗಿದ್ದರೆ ಫ್ಯಾನ್ ಎಷ್ಟು ಕೂಗಿದರೂ ಗಾಳಿ ಬರಲ್ಲ. ಗಾಜಿನ ಮೇಲೆ ಜಿಡ್ಡು ಜಿಡ್ಡಾದ ಮಬ್ಬು, ಸಿಹಿ ವಾಸನೆ, ಜೊತೆಗೆ ಕೂಲೆಂಟ್ ಕಡಿಮೆ ಆಗ್ತಾ ಇದ್ದರೆ ಹೀಟರ್ ಸೋರ್ತಿರಬಹುದು, ಅದನ್ನ ಮೆಕ್ಯಾನಿಕ್‌ಗೇ ತೋರಿಸಿ.

ಮೊನ್ನೆ ಮತ್ತೆ ಐದಕ್ಕೇ ಹೊರಟೆವು. ಗೋಣಿಚೀಲ ಒಣಗಿದ್ದು, ಬಾಳೆಲೆ ಪ್ಲಾಸ್ಟಿಕ್ ಡಬ್ಬಿಯೊಳಗೆ, ಅವರೆಕಾಯಿ ಹಿಂದಿನ ರಾತ್ರಿಯೇ ಸುಲಿದು ಕಾಳಾಗಿತ್ತು. ಸುಲಿಯೋಕೆ ನನ್ನನ್ನೂ ಕೂರಿಸಿದ್ದರು. ಹೊರಡೋಕೆ ಮುಂಚೆ ಐದು ನಿಮಿಷ ಬಾಗಿಲೆಲ್ಲ ತೆಗೆದಿಟ್ಟಿದ್ದೆ. ನಾನು ಎಸಿ ಒತ್ತಿದ ಸದ್ದಿಗೆ ಹಿಂದಿನಿಂದ ಅಮ್ಮ, “ಈ ಚಳೀಲಿ ಎಸಿ ಹಾಕ್ತೀಯಲ್ಲೋ, ತಲೆ ಕೆಟ್ಟಿದೆಯಾ?” ಅಂದಳು. ಅಪ್ಪ ತನ್ನ ಶಾಲನ್ನ ಹಿಂದಕ್ಕೆ ಕೊಟ್ಟು, “ಹೊದ್ಕೊ, ಅವನಿಗೆ ರಸ್ತೆ ಕಾಣಲಿ” ಅಂದ.